ಕ್ರಿಯಾಟಿನ್ ತಗೊಂಡು ಸೆವೆನ್ಸ್ ಆಡಿದ ನನ್ನ ಅನುಭವ

ನಾನು ಗೋಣಿಕೊಪ್ಪ ಕಡೆಯವನು, ವಯಸ್ಸು 22, ಸೆವೆನ್ಸ್‌ನಲ್ಲಿ, ಅಂದ್ರೆ ತಂಡಕ್ಕೆ ಏಳೇ ಜನರ ಫುಟ್‌ಬಾಲ್‌ನಲ್ಲಿ, ರೈಟ್ ವಿಂಗ್. ಹಾಕಿ ಊರಲ್ಲಿ ಫುಟ್‌ಬಾಲ್ ಯಾಕೋ ಅಂತ ಮನೆಯಲ್ಲೇ ದಿನಾ ಕೇಳುತ್ತಾರೆ, ನೀವೂ ಕೇಳಬೇಡಿ. ನನ್ನ ಕಷ್ಟ ಏನಂದ್ರೆ, ಮೊದಲ ಐದಾರು ಓಟಕ್ಕೆ ಡಿಫೆಂಡರ್ ಹಿಂದೆ ಉಳಿಯುತ್ತಿದ್ದ, ಆಮೇಲೆ ಅವನೇ ನನಗಿಂತ ಮುಂದೆ ಬಾಲ್ ಹತ್ತಿರ ಇರುತ್ತಿದ್ದ.

ಅದಕ್ಕೇ ಕ್ರಿಯಾಟಿನ್ ಪುಡಿ ತಂದೆ. ಅಂಗಡಿಯವನು ಮೊದಲ ವಾರ ದಿನಕ್ಕೆ 20 ಗ್ರಾಂ ಲೋಡಿಂಗ್ ಮಾಡು, ಅಂದ್ರೆ ಸ್ನಾಯು ಬೇಗ ತುಂಬಲಿ ಅಂತ ಜಾಸ್ತಿ ತಗೋ ಅಂದ. ನಾಲ್ಕು ಸಲಕ್ಕೆ ಹಂಚಬೇಕಿತ್ತು, ನಾನು ಎರಡೇ ಸಲಕ್ಕೆ ಕುಡಿದೆ. ಹೊಟ್ಟೆ ಕೆಟ್ಟು ಪ್ರಾಕ್ಟೀಸ್ ಮಧ್ಯೆ ಮನೆಗೆ ಓಡಿದ್ದೇ ಆ ವಾರದ ನನ್ನ ಅತಿ ವೇಗದ ಓಟ! ಆಮೇಲೆ ಲೋಡಿಂಗ್ ಬಿಟ್ಟು ದಿನಾ 3 ಗ್ರಾಂಗೆ ಬಂದೆ. ಹೀಗೂ ಸುಮಾರು ನಾಲ್ಕು ವಾರದಲ್ಲಿ ಸ್ನಾಯುವಿನಲ್ಲಿ ಲೋಡಿಂಗ್ ಮಾಡಿದಷ್ಟೇ ಕ್ರಿಯಾಟಿನ್ ತುಂಬುತ್ತದೆ, ಅವಸರ ಸುಮ್ನೆ.

ಜೋರಾಗಿ ಓಡುವಾಗ ಸ್ನಾಯುವಿಗೆ ಎಟಿಪಿ ಅನ್ನೋ ಇಂಧನ ಬೇಕು, ಅದು ಕೆಲವೇ ಸೆಕೆಂಡಿಗೆ ಸಾಲುವಷ್ಟು ಮಾತ್ರ ಇರುತ್ತದೆ, ಅದನ್ನು ತಕ್ಷಣ ಮತ್ತೆ ಕಟ್ಟಿಕೊಡುವುದು ಫಾಸ್ಫೋಕ್ರಿಯಾಟಿನ್, ಅಂದ್ರೆ ಸ್ನಾಯುವಿನಲ್ಲಿ ಕ್ರಿಯಾಟಿನ್ ಕೂಡಿಟ್ಟಿರುವ ರೂಪ. ಅದಕ್ಕೇ ನನಗೆ ಗೊತ್ತಾದ ಬದಲಾವಣೆ ಇದೊಂದೇ: ಏಳನೇ, ಎಂಟನೇ ಓಟದಲ್ಲೂ ಕಾಲಲ್ಲಿ ಸ್ವಲ್ಪ ಉಳಿದಿರುತ್ತಿತ್ತು. ದಮ್ಮು ಏನೂ ಜಾಸ್ತಿ ಆಗಲಿಲ್ಲ, ಅದಕ್ಕೆ ತೋಟದ ಏರು ಹತ್ತಿಯೇ ತೀರಬೇಕು. ತೂಕ ಮಾತ್ರ ಒಂದೂವರೆ ಕಿಲೋ ಏರಿತು, ಸ್ನಾಯುವಿಗೆ ಸೇರಿದ ನೀರೇ ಹೆಚ್ಚು, ಮೊದಲೆರಡು ವಾರ ತಿರುಗುವಾಗ ಭಾರ ಅನ್ನಿಸಿತು.

"ಪಂದಿ ಕರಿ ತಿನ್ನೋ ನಮಗೆ ಇದೆಲ್ಲ ಯಾಕೆ" ಅಂತ ಟೀಮ್‌ನವರು ನಕ್ಕರು. ಮಾಂಸದಲ್ಲಿ ಕ್ರಿಯಾಟಿನ್ ಇರುವುದು ನಿಜ, ಆದರೆ 4 ಗ್ರಾಂ ಬೇಕಂದ್ರೆ ಹಸಿ ಮಾಂಸವೇ ಒಂದು ಕಿಲೋದಷ್ಟು ಬೇಕು, ದಿನಾ ಯಾರಿಗಾಗುತ್ತೆ? ಮಾಂಸ ತಿನ್ನದವರ ಸ್ನಾಯುವಿನಲ್ಲಿ ಮೊದಲೇ ಕಡಿಮೆ ಇರುತ್ತದೆ, ಹಾಗಾಗಿ ಅವರಿಗೆ ಸಾಮಾನ್ಯವಾಗಿ ಜಾಸ್ತಿ ಏರುತ್ತದೆ.

ಒಂದು ಸಲ ಬೇರೆ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದೆ. ಕಿಡ್ನಿ ಹೇಗಿದೆ ಅಂತ ತಿಳಿಯಲು ನೋಡುವ ಕ್ರಿಯಾಟಿನಿನ್ ಗೆರೆ ದಾಟಿತ್ತು, ಅಮ್ಮ ಕಿಡ್ನಿ ಹೋಯ್ತು ಅಂತ ಅತ್ತುಬಿಟ್ಟರು. ತಪ್ಪು ನನ್ನದು, ಪುಡಿ ತಗೊಳ್ಳುವುದನ್ನು ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಕ್ರಿಯಾಟಿನ್ ಒಡೆದೇ ಕ್ರಿಯಾಟಿನಿನ್ ಆಗುವುದು. ಪುಡಿ ನಿಲ್ಲಿಸಿ ಕೆಲವು ವಾರ ಬಿಟ್ಟು ಮತ್ತೆ ನೋಡಿದರು, ಸರಿ ಇತ್ತು. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ.

ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾ ನಿಷೇಧಿಸಿದ ಪಟ್ಟಿಯಲ್ಲಿ ಇದಿಲ್ಲ, ಆದರೂ ಡಬ್ಬದೊಳಗೆ ಬೇರೇನಾದರೂ ಬೆರೆತಿರಬಹುದು, ಹಾಗಾಗಿ ಬೇರೆ ಲ್ಯಾಬಿನಲ್ಲಿ ಪರೀಕ್ಷೆಯಾದ ಬೇರೇನೂ ಸೇರಿಸದ ಕ್ರಿಯಾಟಿನ್ ಮೊನೊಹೈಡ್ರೇಟ್ ಮಾತ್ರ ತಗೊಳ್ಳುತ್ತೇನೆ. ಮೊನ್ನೆ ಟೀಮ್‌ನ 15 ವರ್ಷದ ಹುಡುಗ "ಅಣ್ಣಾ, ನಂಗೂ ಒಂದು ಚಮಚ" ಅಂದ. ಅಮೆರಿಕದ ಮಕ್ಕಳ ವೈದ್ಯರ ಸಂಘ ಹದಿಹರೆಯದವರಿಗೆ ಇದು ಬೇಡ ಅನ್ನುತ್ತದೆ. ಬೆಳಿಗ್ಗೆ ಏನು ತಿಂದೆ ಅಂತ ಕೇಳಿದೆ. ಬರೀ ಕಾಫಿಯಂತೆ.