ಸಿಡಿತಲೆ ಕಲ್ಲಿನಲ್ಲಿ ಬಿದಿರ ಗಳ ಕಾಣಿಸಿದ್ದು ಹೀಗೆ

ಸಿಡಿತಲೆ ಕಲ್ಲಿನಲ್ಲಿ ಆಳಿನ ಹಿಂದೆ ಕಾಣುವ ಬಾಗಿದ ಗೆರೆಗೆ ‘ಅದು ಬಿಲ್ಲು, ಗಳ ಅಲ್ಲ’ ಎನ್ನುತ್ತಿದ್ದವರ ಮುಂದೆ ಫೋಟೊ ಇಟ್ಟ ಮೇಲೆ ವಾದ ನಿಂತಿದೆ. ಹಾಗಾಗಿ ಮಾಡಿದ ಕ್ರಮವನ್ನು ಬರೆದಿಡುತ್ತಿದ್ದೇನೆ. ವೀರಗಲ್ಲು ಓದುವವರಿಗೆ ಸಿಡಿತಲೆ, ಅಂದರೆ ತನ್ನ ತಲೆಯನ್ನೇ ಬಲಿ ಕೊಡುವ ಆತ್ಮಬಲಿ, ಹೊಸದಲ್ಲ: ಬಗ್ಗಿಸಿದ ಬಿದಿರ ಗಳಕ್ಕೆ ಜುಟ್ಟು ಕಟ್ಟಿರುತ್ತದೆ, ಕತ್ತು ಕಡಿದೊಡನೆ ರುಂಡ ಮೇಲಕ್ಕೆ ಸಿಡಿಯುತ್ತದೆ. ತೊಂದರೆ ಇರುವುದು ಕೆತ್ತನೆಯಲ್ಲಿ. ಆಳು, ಕತ್ತಿ ಚೆನ್ನಾಗಿ ಉಬ್ಬಿರುತ್ತವೆ. ಗಳ ಮಾತ್ರ ಸವೆದು ಎರಡು ಮೂರು ಮಿಲಿಮೀಟರಿನ ಗೆರೆಯಾಗಿ ಉಳಿದಿರುತ್ತದೆ. ನಡುಹಗಲಲ್ಲಿ ಅದು ಇಲ್ಲವೇ ಇಲ್ಲ. ಗಳ ಕಾಣದಿದ್ದರೆ ಕಲ್ಲು ಮಾಮೂಲಿ ವೀರಗಲ್ಲುಗಳ ಪಟ್ಟಿಗೆ ಸೇರಿಹೋಗುತ್ತದೆ.

ಮೊದಲು ಪಡಿಯಚ್ಚು, ಅಂದರೆ ಕಲ್ಲಿಗೆ ಒದ್ದೆ ಕಾಗದ ಒತ್ತಿ ಮಸಿ ಹಚ್ಚಿ ತೆಗೆಯುವ ಪ್ರತಿ. ಅಕ್ಷರಕ್ಕೆ ಅದನ್ನು ಮೀರಿದ್ದಿಲ್ಲ, ಶಿಲ್ಪಕ್ಕೆ ಅದು ಒಗ್ಗುವುದಿಲ್ಲ. ಒದ್ದೆ ಕಾಗದ ಮೂಗು, ಮೊಣಕಾಲುಗಳ ಮೇಲೆ ಹರಿಯುತ್ತದೆ; ಹಿಂದಿನ ತಗ್ಗಿಗೆ ಬ್ರಷ್ ಇಳಿಯುವುದಿಲ್ಲ, ಗಳ ಇರುವುದೇ ಆ ತಗ್ಗಿನಲ್ಲಿ. ಕಾಗದ, ಮಸಿ ಸೇರಿ ಕಲ್ಲಿಗೆ ಮುನ್ನೂರು ನಾನೂರು ರೂಪಾಯಿ. ಆರು ಕಲ್ಲಿನ ದುಡ್ಡು ಹಾಗೇ ಹೋಯಿತು. ಹಿಟ್ಟು ಬಳಿದರೆ ಇರುವೆ ಮುತ್ತುತ್ತವೆ. ಸೀಮೆಸುಣ್ಣ ಅದಕ್ಕಿಂತ ಕೆಟ್ಟದ್ದು: ಕಣ್ಣು ಮೊದಲೇ ನಂಬಿದ್ದನ್ನು ಕೈ ಬರೆಯುತ್ತದೆ. ‘ಬಿಲ್ಲು’ ಹುಟ್ಟಿದ್ದೇ ಹಳೆಯ ಸೀಮೆಸುಣ್ಣದ ಫೋಟೊದಿಂದ. ಆಸಿಡ್, ತಂತಿ ಬ್ರಷ್ ಹತ್ತಿರಕ್ಕೂ ಬೇಡ. ಕಲ್ಲುಹೂವಿನ ಜೊತೆ ಕಲ್ಲಿನ ಮೇಲ್ಪದರವೂ ಏಳುತ್ತದೆ.

ಕೆಲಸ ಮಾಡಿದ್ದು ಓರೆ ಬೆಳಕು: ರಾತ್ರಿ, ಪಕ್ಕದಿಂದ ಕಲ್ಲನ್ನು ಸವರುವಂತೆ ಬಿಡುವ ಟಾರ್ಚಿನ ಬೆಳಕು. ಕ್ಯಾಮೆರಾ ಟ್ರೈಪಾಡಿನ ಮೇಲೆ, ಕಲ್ಲಿಗೆ ನೇರವಾಗಿ. ಐಎಸ್‌ಒ 100, ಎಫ್ 8, ಎರಡರಿಂದ ನಾಲ್ಕು ಸೆಕೆಂಡು, ಟೈಮರ್ ಹಾಕಿ. ಟಾರ್ಚ್ ಕಲ್ಲಿನ ಎತ್ತರದ ಎರಡೂವರೆ, ಮೂರು ಪಟ್ಟು ದೂರದಲ್ಲಿರಲಿ. ಹತ್ತಿರ ತಂದರೆ ಒಂದು ಅಂಚು ಬೆಳ್ಳಗೆ ಸುಟ್ಟು ಇನ್ನೊಂದು ಕಪ್ಪಾಗುತ್ತದೆ. ದೂರ ಅಳೆಯಲು ದಾರ ಸಾಕು. ಆಳಿನ ಆಕಾರಕ್ಕೆ ಬೆಳಕು ಕಲ್ಲಿನ ಮೇಲ್ಮೈಗೆ 30 ಡಿಗ್ರಿ. ಗಳಕ್ಕೆ 10ರಿಂದ 15. ಅದಕ್ಕೂ ಇಳಿಸಿದರೆ ಆಳಿನ ನೆರಳೇ ಗಳವನ್ನು ನುಂಗುತ್ತದೆ. ಗಳ ಮೇಲಕ್ಕೆ ಬಾಗಿ ಹೋಗುವುದರಿಂದ ಬೆಳಕು ಅದಕ್ಕೆ ಅಡ್ಡವಾಗಿ ಬೀಳಬೇಕು. ಒಂದೇ ಕಡೆಯಿಂದ ಹಿಡಿದರೆ ಅರ್ಧ ಗಳ ಸಿಗುತ್ತದೆ, ಆ ಅರ್ಧ ನೋಡಿದರೆ ಬಿಲ್ಲೇ ಸರಿ!

ಇಡೀ ಗಳ ಬೇಕಾದರೆ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್): ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ತಂತ್ರಾಂಶದಲ್ಲಿ ಒಂದಾಗಿಸುವ ವಿಧಾನ. ಹೊಳೆಯುವ ಕಪ್ಪು ಸ್ನೂಕರ್ ಚೆಂಡು ಎರಡು, ಕಲ್ಲಿನ ಪಕ್ಕದಲ್ಲಿ. ಕ್ಯಾಮೆರಾ, ಚೆಂಡು ಅಲುಗದಂತೆ, ಟಾರ್ಚನ್ನು ಮಾತ್ರ ಸುತ್ತಲೂ ಜಾಗ ಬದಲಿಸಿ 48ರಿಂದ 60 ಚಿತ್ರ. ಚೆಂಡಿನ ಮೇಲಿನ ಹೊಳಪಿನ ಚುಕ್ಕೆಯಿಂದ ತಂತ್ರಾಂಶ ಬೆಳಕಿನ ದಿಕ್ಕು ಲೆಕ್ಕ ಹಾಕುತ್ತದೆ. ಚೆಂಡು ಚಿತ್ರದಲ್ಲಿ 200 ಪಿಕ್ಸೆಲ್ಲಿಗಿಂತ ಕಿರಿದಾದರೆ ಲೆಕ್ಕ ತಪ್ಪುತ್ತದೆ. ಐದಡಿಗಿಂತ ಎತ್ತರದ ಕಲ್ಲನ್ನು ಎರಡು ಭಾಗ ಮಾಡಿ ತೆಗೆಯಿರಿ. ಆಮೇಲೆ ಆರ್‌ಟಿಐ ವ್ಯೂವರ್ ಎಂಬ ತಂತ್ರಾಂಶದಲ್ಲಿ ಸ್ಪೆಕ್ಯುಲರ್ ಎನ್‌ಹ್ಯಾನ್ಸ್‌ಮೆಂಟ್ ಎಂಬ ನೋಟ. ಕುಂಕುಮ, ಬಣ್ಣ ಎಲ್ಲ ಮಾಯವಾಗಿ ಬರೀ ಮೇಲ್ಮೈ ಉಳಿಯುತ್ತದೆ. ಜುಟ್ಟಿನ ಗಂಟು, ಅದರಿಂದ ಹೊರಟ ಗಳ, ಪಟ್ಟಿಕೆಯ ಅಂಚಿನವರೆಗೆ. ಆ ನೋಟ ಹೊಂದಿಸುವ ಸ್ಲೈಡರುಗಳಲ್ಲಿ ಯಾವುದಕ್ಕೆ ಎಷ್ಟು ಕೊಡಬೇಕು ಎನ್ನುವುದು ನನ್ನ ಹತ್ತಿರವೇ ಇರಲಿ.

ರಾತ್ರಿಯ ಶತ್ರು ಪತಂಗ. ಎರಡು ಸೆಕೆಂಡಿನಲ್ಲಿ ಅವು ಕಲ್ಲಿನ ಮೇಲೆ ಬಿಳಿ ಗೀರು ಎಳೆಯುತ್ತವೆ. ಇಪ್ಪತ್ತಡಿ ದೂರದಲ್ಲಿ ಇನ್ನೊಂದು ದೀಪ ಹಚ್ಚಿಟ್ಟರೆ ಅತ್ತ ಹೋಗುತ್ತವೆ. ಬೀದಿದೀಪಕ್ಕೆ ಕಪ್ಪು ಬಟ್ಟೆ ಅಡ್ಡ ಹಿಡಿಯಬೇಕು. ಅಕ್ಟೋಬರ್ ಕೊನೆಗೆ ಹೊರಡಬೇಡಿ, ಮಳೆ ಬಿಟ್ಟ ಹೊಸತು, ಕಲ್ಲೆಲ್ಲ ಪಾಚಿ. ಜನವರಿ ದಾಟಲಿ, ಪಾಚಿ ಒಣಗಿ ಮೆತ್ತನೆ ಬ್ರಷ್ಷಿಗೇ ಉದುರುತ್ತದೆ.

ಬಹುತೇಕ ಸಂರಕ್ಷಿತ ಜಾಗಗಳಲ್ಲಿ ಸಂಜೆಯ ಮೇಲೆ ಬಿಡುವುದಿಲ್ಲ, ಟ್ರೈಪಾಡಿಗೂ ಅನುಮತಿ ಬೇಕು. ಅಲ್ಲಿಗೆ ಕನ್ನಡಿ. ಕಲ್ಲಿಗೆ ಕೊಡೆಯ ನೆರಳು ಹಿಡಿದು, ಒಂದೂವರೆ ಅಡಿಯ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಿದರೆ ಟಾರ್ಚಿಗಿಂತ ಗೆರೆ ಚೂಪು. ಹಳೇಬೀಡಿನಲ್ಲಿ ಹೊಯ್ಸಳೇಶ್ವರದ ಪಕ್ಕ ಕುವರ ಲಕ್ಷ್ಮನ ಕಂಬವಿದೆಯಲ್ಲ, ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನಿಗಾಗಿ ಗರುಡರು (ದೊರೆಯೊಡನೆ ಸಾಯುವ ಪಣ ತೊಟ್ಟ ಅಂಗರಕ್ಷಕರು) ತಮ್ಮ ಕೈಕಾಲು, ಕುತ್ತಿಗೆ ಕೊಯ್ದುಕೊಳ್ಳುವ ಸಾಲು, ಅದಕ್ಕೆ ಈ ಆಟವೆಲ್ಲ ಬೇಡ. ಕೆತ್ತನೆ ಆಳ, ಓರೆ ಬೆಳಕಿಗೆ ಮುಖಗಳೇ ಮುಳುಗುತ್ತವೆ. ಮೋಡದ ದಿನ ಸಾಕು.

ಮೊಬೈಲಿನಲ್ಲಿ 80 ಚಿತ್ರ ತೆಗೆದು ಫೋಟೊಗ್ರಾಮೆಟ್ರಿಯನ್ನೂ, ಅಂದರೆ ಚಿತ್ರಗಳಿಂದ ಮೂರು ಆಯಾಮದ ಮಾದರಿ ಕಟ್ಟುವುದನ್ನೂ, ನೋಡಿದ್ದಾಯಿತು. ಆಳು ಚೆಂದ ಬಂದ, ಗಳ ಒರಸಿಹೋಯಿತು. ತಂತ್ರಾಂಶ ಒರಟನ್ನು ನಯ ಮಾಡುವಾಗ ಅಷ್ಟು ತೆಳ್ಳನೆ ಗೆರೆಯನ್ನೂ ಒರಟೆಂದೇ ಎಣಿಸುತ್ತದೆ.

ಖರ್ಚು: ಟಾರ್ಚ್ ಸುಮಾರು 900, ಚೆಂಡುಗಳು 600, ಕನ್ನಡಿ 350, ದಾರ, ಬಟ್ಟೆ ಇನ್ನೂರರೊಳಗೆ. ಕ್ಯಾಮೆರಾ ಇದ್ದದ್ದೇ. ಹನ್ನೊಂದು ಕಲ್ಲಿನಲ್ಲಿ ನಾಲ್ಕರಲ್ಲಿ ಗಳ ಖಚಿತ, ಒಂದರಲ್ಲಿ ಅನುಮಾನ. ಉಳಿದ ಆರರಲ್ಲಿ ಒಂದು ನಿಜಕ್ಕೂ ಬಿಲ್ಲೇ.