ಎರಡು ಪ್ರೋಟಾನ್‌ಗಳ ಜಾಡು ಓದುವ ಕೆಲಸ: ನನ್ನ ಅನುಭವ

ಕಬ್ಬಿಣ-45 ಅನ್ನುವ ನ್ಯೂಕ್ಲಿಯಸ್‌ನಲ್ಲಿ 26 ಪ್ರೋಟಾನ್, 19 ನ್ಯೂಟ್ರಾನ್. ನಾವು ದಿನಾ ಬಳಸುವ ಕಬ್ಬಿಣದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಬ್ಬಿಣ-56, ಅದರಲ್ಲಿ ನ್ಯೂಟ್ರಾನ್ 30. ಹನ್ನೊಂದು ನ್ಯೂಟ್ರಾನ್ ಕಡಿಮೆಯಾದರೆ ಅಷ್ಟೊಂದು ಪ್ರೋಟಾನ್‌ಗಳನ್ನು ಹಿಡಿದಿಡುವುದು ಕಷ್ಟ. ಇದರ ಅರ್ಧಾಯುಷ್ಯ, ಅಂದರೆ ಇರುವುದರಲ್ಲಿ ಅರ್ಧ ಒಡೆದುಹೋಗಲು ಹಿಡಿಯುವ ಸಮಯ, ಸುಮಾರು ಎರಡೂವರೆ ಮಿಲಿಸೆಕೆಂಡ್ ಮಾತ್ರ. ಹೆಚ್ಚಿನ ಸಲ ಇದರಿಂದ ಎರಡು ಪ್ರೋಟಾನ್‌ಗಳು ಒಟ್ಟಿಗೇ ಹೊರಬೀಳುತ್ತವೆ. ಒಂದನ್ನೇ ಕಳಿಸುವಷ್ಟು ಶಕ್ತಿ ಅದಕ್ಕಿಲ್ಲ, ಜೋಡಿಯನ್ನು ಕಳಿಸುವಷ್ಟು ಇದೆ. ಹೀಗೂ ಆಗಬಹುದು ಎಂದು ಸೋವಿಯತ್ ವಿಜ್ಞಾನಿ ಗೋಲ್ಡಾನ್‌ಸ್ಕಿ 1960ರಲ್ಲೇ ಲೆಕ್ಕ ಹಾಕಿದ್ದರು. ಜರ್ಮನಿಯ ಜಿಎಸ್‌ಐ ಮತ್ತು ಫ್ರಾನ್ಸ್‌ನ ಗ್ಯಾನಿಲ್ ಪ್ರಯೋಗಾಲಯಗಳಲ್ಲಿ ಅದು ಕಂಡದ್ದು 2002ರಲ್ಲಿ.

ಇಂಥ ನ್ಯೂಕ್ಲಿಯಸ್‌ಗಳ ಕೆಲಸಕ್ಕೆ ನಾನು ಸೇರಿದಾಗ ಮೊದಲು ಕೈಗೆ ಬಂದದ್ದು ಸಿಲಿಕಾನ್ ಡಿಟೆಕ್ಟರ್. ನ್ಯೂಕ್ಲಿಯಸ್ ಬಂದು ಸಿಲಿಕಾನ್ ಪದರದೊಳಗೇ ನಿಲ್ಲುತ್ತದೆ, ಅಲ್ಲೇ ಒಡೆಯುತ್ತದೆ. ಹೊರಬಿದ್ದ ಶಕ್ತಿ ಎಷ್ಟು ಅನ್ನುವುದು ಚೆನ್ನಾಗಿ ಸಿಗುತ್ತದೆ. ಆದರೆ ಒಟ್ಟು ಮೊತ್ತ ಮಾತ್ರ. ಕಬ್ಬಿಣ-45ರಿಂದ ಸಿಗುವ 1.15 ಎಂಇವಿ (ನ್ಯೂಕ್ಲಿಯಸ್‌ಗಳ ಶಕ್ತಿ ಅಳೆಯುವ ಮಾನ) ಒಂದು ಪ್ರೋಟಾನ್‌ನದೋ ಎರಡರದೋ ಸಿಲಿಕಾನ್ ಹೇಳುವುದಿಲ್ಲ. ಜೊತೆಗೆ ಪಾಸಿಟ್ರಾನ್ ಕಾಟ. ಕೆಲವು ಸಲ ಬೀಟಾ ಕ್ಷಯವಾಗುತ್ತದೆ, ಅಂದರೆ ಒಳಗಿನ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ, ಪಾಸಿಟ್ರಾನ್ ಅನ್ನುವ ಹಗುರ ಕಣ ಹೊರಬೀಳುತ್ತದೆ. ಹಾಗಾಗಿ ಆಮೇಲೆ ಪ್ರೋಟಾನ್ ಬಂದರೆ, ಪಾಸಿಟ್ರಾನ್ ಬಿಟ್ಟುಹೋದ ಶಕ್ತಿಯೂ ಅದಕ್ಕೇ ಸೇರಿ ಗ್ರಾಫಿನ ಶಿಖರ ಪಕ್ಕಕ್ಕೆ ಸರಿಯುತ್ತದೆ. ಪಾಸಿಟ್ರಾನ್ ಸುಳಿವೇ ಇಲ್ಲದ ಚೂಪಾದ ಶಿಖರ ಇದೆ, ಹಾಗಾಗಿ ಇದು ಜೋಡಿ ಪ್ರೋಟಾನ್ ಇರಬೇಕು ಎಂದು ವಾದ ಕಟ್ಟಬೇಕು. ವಾದ ಗಟ್ಟಿಯಾಗಿಯೇ ಇರುತ್ತದೆ. ಆದರೂ ಕಣ್ಣಾರೆ ನೋಡಿದ ಹಾಗಲ್ಲ, ಅಲ್ವಾ?

ನೋಡಬೇಕೆಂದರೆ ಅನಿಲ ಬೇಕು. ಹೀಲಿಯಂ, ಆರ್ಗಾನ್ ಮಿಶ್ರಣಕ್ಕೆ ಸ್ವಲ್ಪ ನೈಟ್ರೋಜನ್, ಮೀಥೇನ್ ಸೇರಿಸಿ ಪೆಟ್ಟಿಗೆಯಲ್ಲಿ ಹರಿಸುತ್ತೇವೆ. ಪ್ರೋಟಾನ್ ಓಡಿದ ದಾರಿಯುದ್ದಕ್ಕೂ ಎಲೆಕ್ಟ್ರಾನ್‌ಗಳು ಕಳಚಿಕೊಳ್ಳುತ್ತವೆ. ವಿದ್ಯುತ್ ಕ್ಷೇತ್ರ ಅವನ್ನು ಒಂದೇ ವೇಗದಲ್ಲಿ, ಮೈಕ್ರೊಸೆಕೆಂಡಿಗೆ ಸುಮಾರು 1 ಸೆಂಟಿಮೀಟರ್‌ನಂತೆ, ಕೆಳಗೆ ಎಳೆಯುತ್ತದೆ. ಅಲ್ಲಿ ಅವು ಅನೇಕ ಪಟ್ಟು ಹೆಚ್ಚಿ ಬೆಳಕು ಕೊಡುತ್ತವೆ. ಆ ಬೆಳಕಿನ ಫೋಟೋ ತೆಗೆಯಲು ಕ್ಯಾಮೆರಾ, ಅದು ಯಾವ ಕ್ಷಣ ಬಂತು ಎಂದು ಬರೆದಿಡಲು ಫೋಟೋಮಲ್ಟಿಪ್ಲೈಯರ್ ಅನ್ನುವ ಸೂಕ್ಷ್ಮ ಬೆಳಕು-ಮಾಪಕ. ಪೋಲೆಂಡ್‌ನ ವಾರ್ಸಾ ತಂಡ ಕಟ್ಟಿದ ಇಂಥ ಪೆಟ್ಟಿಗೆಯಿಂದಲೇ ಅಮೆರಿಕದ ಮಿಶಿಗನ್‌ನಲ್ಲಿ ಕಬ್ಬಿಣ-45ರ ಜೋಡಿ ಪ್ರೋಟಾನ್‌ಗಳ ಚಿತ್ರ ಸಿಕ್ಕಿತು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು.

ಬೀಮ್, ಅಂದರೆ ವೇಗವಾಗಿ ಹಾರಿಬರುವ ನ್ಯೂಕ್ಲಿಯಸ್‌ಗಳ ಧಾರೆ, ಬರುವ ಮೊದಲು ನಾನು ಬಿಡದೆ ನೋಡುವುದು ಅನಿಲದ ಶುದ್ಧಿ. ಆಮ್ಲಜನಕ ಚೂರು ಸೇರಿದರೂ ಎಲೆಕ್ಟ್ರಾನ್‌ಗಳನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ಆಲ್ಫಾ ಕಣಗಳ ಮೂಲವಿಟ್ಟು, ಅವು ಬಿಡುವ ಗೊತ್ತಿರುವ ಉದ್ದದ ಗೆರೆಗಳಿಂದ ಎಲೆಕ್ಟ್ರಾನ್‌ಗಳು ಇಳಿಯುವ ವೇಗ ಅಳೆದುಕೊಳ್ಳುತ್ತೇನೆ. ಈ ಅಳತೆ ಸರಿಯಿಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ದಂಡ. ಆಮೇಲೆ ವೇಗವರ್ಧಕದಲ್ಲಿ ನಿಕ್ಕಲ್-58 ಬೀಮ್ ಗುರಿಗೆ ಬಡಿದು ಚೂರಾಗುತ್ತದೆ, ಆಯಸ್ಕಾಂತಗಳು ಚೂರುಗಳನ್ನು ಬೇರ್ಪಡಿಸುತ್ತವೆ. ಹಾರಲು ಹಿಡಿದ ಸಮಯ, ದಾರಿಯಲ್ಲಿ ಕಳೆದುಕೊಂಡ ಶಕ್ತಿ, ಇವೆರಡರಿಂದ ಬಂದದ್ದು ಯಾವ ನ್ಯೂಕ್ಲಿಯಸ್ ಎಂದು ಗುರುತಿಸಬಹುದು. ಬೇಕಾದ್ದು ಬಂದ ತಕ್ಷಣ ಬೀಮ್ ನಿಲ್ಲಿಸಬೇಕು. ಇಲ್ಲದಿದ್ದರೆ ಹಿಂದಿನಿಂದ ಬರುವ ನ್ಯೂಕ್ಲಿಯಸ್‌ಗಳ ಗೆರೆಗಳು ಫೋಟೋ ಮೇಲೆ ಬಿದ್ದು ಏನೂ ತಿಳಿಯುವುದಿಲ್ಲ.

ಇನ್ನು ಓದುವ ಕೆಲಸ. ನನಗೆ ತುಂಬಾ ಇಷ್ಟದ್ದು ಇದೇ. ಒಂದು ಬಿಂದುವಿನಿಂದ ಎರಡು ಗಿಡ್ಡ ಗೆರೆ ಹೊರಟಿದ್ದರೆ ಜೋಡಿ ಪ್ರೋಟಾನ್. ತಲಾ ಅರ್ಧ ಎಂಇವಿ ಆಸುಪಾಸು ಇರುವುದರಿಂದ ಎರಡು ಸೆಂಟಿಮೀಟರ್ ಚಿಲ್ಲರೆ ಓಡಿ ನಿಲ್ಲುತ್ತವೆ. ಒಂದೇ ಗೆರೆ ಪೆಟ್ಟಿಗೆಯ ಅಂಚು ದಾಟಿ ಹೋಗಿದ್ದರೆ ಅದು ಬೀಟಾ ಕ್ಷಯದ ನಂತರ ಬಂದ ಪ್ರೋಟಾನ್, ಅದಕ್ಕೆ ಶಕ್ತಿ ಜಾಸ್ತಿ. ಪಾಸಿಟ್ರಾನ್ ಫೋಟೋದಲ್ಲಿ ಬೀಳುವುದೇ ಇಲ್ಲ, ಅದು ಅನಿಲದಲ್ಲಿ ಬಿಡುವ ಗುರುತು ಅಷ್ಟು ತೆಳು. ಸಿಲಿಕಾನ್‌ನಲ್ಲಿ ಕಾಡಿಸಿದ್ದು ಇಲ್ಲಿ ತಾನಾಗಿಯೇ ಬದಿಗೆ ಸರಿಯುತ್ತದೆ.

ಆದರೆ ಬರೀ ಫೋಟೋ ನಂಬಬಾರದು. ಒಂದು ಪ್ರೋಟಾನ್ ನೇರ ಕ್ಯಾಮೆರಾ ಕಡೆಗೇ ಹೊರಟಿದ್ದರೆ ಅದರ ಗೆರೆ ಸುಮ್ನೆ ಒಂದು ಚುಕ್ಕೆಯಾಗಿ ಕಾಣುತ್ತದೆ. ನೋಡಿದವರು ಒಂದೇ ಪ್ರೋಟಾನ್ ಅಂದುಕೊಳ್ಳುತ್ತಾರೆ. ಆಗ ಫೋಟೋಮಲ್ಟಿಪ್ಲೈಯರ್‌ನ ರೇಖೆ, ಅಂದರೆ ಯಾವ ಕ್ಷಣ ಎಷ್ಟು ಬೆಳಕು ಬಂತು ಎಂದು ತೋರಿಸುವ ಗ್ರಾಫ್, ತೆಗೆದು ನೋಡಬೇಕು. ಅಡ್ಡಡ್ಡ ಓಡಿದ ಪ್ರೋಟಾನ್‌ನ ಬೆಳಕೆಲ್ಲ ಒಮ್ಮೆಗೇ ಬಂದು ಚೂಪಾದ ಕೋಡು ಮೂಡುತ್ತದೆ. ಕೆಳಕ್ಕೋ ಮೇಲಕ್ಕೋ ಹೋದದ್ದರ ಬೆಳಕು ಎರಡು ಮೈಕ್ರೊಸೆಕೆಂಡ್‌ಗಿಂತ ಜಾಸ್ತಿ ಹೊತ್ತು ಎಳೆದುಕೊಂಡಿರುತ್ತದೆ. ಪ್ರೋಟಾನ್ ನಿಲ್ಲುವ ಹತ್ತಿರ ಹತ್ತಿರ ಬೆಳಕು ಹೆಚ್ಚುವುದರಿಂದ ಗೆರೆಯ ತುದಿ ಯಾವುದು, ಬುಡ ಯಾವುದು ಎಂದೂ ಗೊತ್ತಾಗುತ್ತದೆ. ಅದಕ್ಕೇ ನಾನು ರೇಖೆಯನ್ನೇ ಮೊದಲು ನೋಡುವುದು, ಫೋಟೋ ಆಮೇಲೆ.

ಎರಡನ್ನೂ ಒಟ್ಟಿಗೆ ಹೊಂದಿಸಿದಾಗ ಪ್ರೋಟಾನ್‌ಗಳ ನಡುವಿನ ಕೋನ ಮೂರು ಆಯಾಮದಲ್ಲಿ ಸಿಗುತ್ತದೆ. ಇಷ್ಟೆಲ್ಲ ಪಾಡು ಆ ಕೋನಕ್ಕಾಗಿಯೇ. ಪ್ರೋಟಾನ್‌ಗಳು ಅಂಟಿಕೊಂಡೇ ಹೊರಬಂದಿದ್ದರೆ ಕೋನಗಳೆಲ್ಲ ಚಿಕ್ಕದಾಗಿರಬೇಕಿತ್ತು. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಎಲ್ಲ ದಿಕ್ಕಿಗೂ ಹರಡಬೇಕಿತ್ತು. ಕಬ್ಬಿಣ-45ರಲ್ಲಿ ಎರಡೂ ಆಗಲಿಲ್ಲ: ಚಿಕ್ಕ ಕೋನಗಳ ಕಡೆ ಒಂದು ಗುಂಪು, ದೊಡ್ಡ ಕೋನಗಳ ಕಡೆ ಇನ್ನೊಂದು. ಉಳಿದ ನ್ಯೂಕ್ಲಿಯಸ್, ಎರಡು ಪ್ರೋಟಾನ್, ಈ ಮೂರನ್ನೂ ಒಟ್ಟಿಗೆ ಇಟ್ಟು ಮಾಡಿದ ಲೆಕ್ಕಕ್ಕೆ ಅದು ಹೊಂದಿತು. ನ್ಯೂಕ್ಲಿಯಸ್ ಒಡೆಯುವ ಮುಂಚೆ ಎರಡು ಪ್ರೋಟಾನ್‌ಗಳು ಅದರೊಳಗೆ ಯಾವ ಕಕ್ಷೆಗಳಲ್ಲಿ ಇದ್ದವು ಅನ್ನುವುದನ್ನೂ ಈ ಕೋನಗಳಿಂದ ಅಂದಾಜು ಮಾಡಬಹುದು.