ನೋಟ್‌ಬುಕ್ ಹಿಡಿದು ಪೂಲ್ ಬ್ರೇಕ್ ತಿದ್ದಿಕೊಂಡೆ: ನನ್ನ ಅನುಭವ

"ಆಡೋಕೆ ಬಂದಿದ್ದೀಯೋ, ಲೆಕ್ಕ ಬರೆಯೋಕೋ?" ನಮ್ಮ ಪೂಲ್ ಪಾರ್ಲರ್‌ನಲ್ಲಿ ಐದು ತಿಂಗಳು ಈ ಮಾತು ಕೇಳಿದ್ದೇನೆ. ಈಗ ಅದೇ ಹುಡುಗರು ನನ್ನ ನೋಟ್‌ಬುಕ್ಕಿನ ಫೋಟೊ ತೆಗೆದುಕೊಂಡು ಹೋಗುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಆಡುವುದು 9-ಬಾಲ್, 1ರಿಂದ 9ರ ತನಕ ನಂಬರಿನ ಬಾಲುಗಳ ಪೂಲ್ ಆಟ. ಜೋಡಿಸಿಟ್ಟ ಬಾಲುಗಳನ್ನು ಚದುರಿಸುವ ಮೊದಲ ಹೊಡೆತವೇ ಬ್ರೇಕ್. ಅದನ್ನು ತಿದ್ದಲು ಹೊರಟ ಮೊದಲ ವಾರ 20 ಬ್ರೇಕ್ ಹೊಡೆದರೆ 11–12 ಸಲ ಒಂದು ಬಾಲೂ ಬೀಳುತ್ತಿರಲಿಲ್ಲ. ನಾಲ್ಕು ಸಲವಾದರೂ ಕೋಲಿನಿಂದ ಹೊಡೆಯುವ ಬಿಳಿ ಬಾಲ್ ಪಾಕೆಟ್ ಸೇರುತ್ತಿತ್ತು, ಇಲ್ಲಾ ಟೇಬಲ್ ಬಿಟ್ಟು ಹಾರುತ್ತಿತ್ತು. ಜೋರು ಸಾಲುತ್ತಿಲ್ಲ ಅಂದುಕೊಂಡು ಫೀನಾಲಿಕ್ ಟಿಪ್ಪಿನ (ಗಟ್ಟಿ ರಾಳದ ತುದಿಯ) ಬ್ರೇಕ್ ಕ್ಯೂಗೆ, ಅಂದರೆ ಬ್ರೇಕಿಗೆಂದೇ ಇರುವ ಕೋಲಿಗೆ, ಹತ್ತಿರ ಹತ್ತಿರ 14,000 ರೂಪಾಯಿ ಸುರಿದೆ.

ವೇಗವೇನೋ ಬಂತು. ಫೋನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ಎಣಿಸಿದೆ. 9 ಅಡಿ ಟೇಬಲ್‌ನಲ್ಲಿ ಹೆಡ್ ಸ್ಟ್ರಿಂಗ್ (ಬ್ರೇಕ್ ಹೊಡೆಯುವ ಕಡೆಯ ಗೆರೆ) ನಡುವಿನಿಂದ ನೇರ ಹೊಡೆದರೆ ಬಿಳಿ ಬಾಲ್ 1 ನಂಬರಿನ ಬಾಲಿಗೆ ತಾಗುವ ತನಕ 48 ಇಂಚಿಗೆ ಸ್ವಲ್ಪ ಕಮ್ಮಿ ಓಡುತ್ತದೆ. ಹಳೇ ಕ್ಯೂನಲ್ಲಿ 36 ಫ್ರೇಮ್, ಗಂಟೆಗೆ ಸುಮಾರು 29 ಕಿಲೋಮೀಟರ್. ಹೊಸದರಲ್ಲಿ 31 ಫ್ರೇಮ್, 34ರ ಹತ್ತಿರ. ಆದರೆ ಬಾಲ್ ಬೀಳೋದು ಒಂದೂ ಹೆಚ್ಚಲಿಲ್ಲ. ಸ್ಕ್ರ್ಯಾಚ್ (ಬಿಳಿ ಬಾಲ್ ಪಾಕೆಟ್ ಸೇರೋದು) ಮಾತ್ರ ಜಾಸ್ತಿಯಾಯಿತು. ಆ ದುಡ್ಡಿನ ಹೊಟ್ಟೆಉರಿ ಇನ್ನೂ ಹೋಗಿಲ್ಲ.

ಆಮೇಲೆ ಅಮೆರಿಕದ ಪೂಲ್ ಆಟಗಾರ ಶೇನ್ ವ್ಯಾನ್ ಬೋನಿಂಗ್ ಅವರ ಬ್ರೇಕುಗಳನ್ನು ಮತ್ತೆ ಕೂತು ನೋಡಿದೆ. ಇಷ್ಟು ದಿನ ನಾನು ನೋಡುತ್ತಿದ್ದದ್ದು ಅವರ ತೋಳು. ಈ ಸಲ ಬಿಳಿ ಬಾಲ್ ನೋಡಿದೆ. ಅಷ್ಟು ಜೋರಾಗಿ ಹೊಡೆದರೂ ಅದು ಟೇಬಲ್ ನಡುವೆಯೇ ನಿಲ್ಲುತ್ತಿತ್ತು!

ಅವತ್ತಿನಿಂದ ಪ್ರತಿ ಬ್ರೇಕ್ ಬರೆದೆ. ಒಂದು ಪುಟಕ್ಕೆ ಒಂದು ಟೇಬಲ್ ಚಿತ್ರ. ಬಿಳಿ ಬಾಲ್ ನಿಂತಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ಬಿದ್ದ ಬಾಲ್ ಎಷ್ಟು, ಅಲ್ಲಿಂದ 1 ನೇರ ಕಾಣುತ್ತಾ ಇಲ್ವಾ, ಅಷ್ಟೇ. ವಾರಕ್ಕೆ ಮೂರು ಬೆಳಿಗ್ಗೆ, ದಿನಕ್ಕೆ 20. ಬೆಳಗಿನ ರೇಟ್ ಗಂಟೆಗೆ 150 ರೂಪಾಯಿ. ಒಟ್ಟು ಒಂಬತ್ತು ಸಾವಿರ ಚಿಲ್ಲರೆ ಆಗಿರಬೇಕು.

ಮೂರು ವಾರದ ಚುಕ್ಕೆಗಳಲ್ಲಿ ಮುಕ್ಕಾಲು ಭಾಗ ಬಲಗಡೆಯ ರೈಲ್ (ಅಂಚುಪಟ್ಟಿ) ಹತ್ತಿರ. ಯಾಕೆ ಅಂತ ತಿಳಿಯೋಕೆ ಬಿಳಿ ಬಾಲ್ ಬದಲು 11 ನಂಬರಿನ ಪಟ್ಟೆ ಬಾಲ್ ಇಟ್ಟೆ, ಪಟ್ಟೆ ನನ್ನ ಕಡೆಗೆ ನೆಟ್ಟಗೆ. ಹಳೇ ಕ್ಯೂಗೆ ದಪ್ಪಗೆ ಚಾಕ್ ಹಚ್ಚಿ ಹೊಡೆದು ಬಾಲ್ ಎತ್ತಿ ನೋಡಿದೆ. ನೀಲಿ ಗುರುತು ಪಟ್ಟೆಯ ನಡುವಿನಿಂದ ಒಂದು ಹುರುಳಿ ಕಾಳಿನಷ್ಟು ಎಡಕ್ಕೆ. ಹತ್ತು ಸಲ ಹೊಡೆದರೂ ಅಲ್ಲೇ. ನಾನು ನಡುವಿಗೇ ಹೊಡೆಯುತ್ತಿದ್ದೇನೆ ಅಂತ ಆರು ವರ್ಷದಿಂದ ನಂಬಿದ್ದೆ! ಕೊನೇ ಗಳಿಗೆಯಲ್ಲಿ ಭುಜ ಏಳುತ್ತಿತ್ತು. ಅದನ್ನು ನಿಲ್ಲಿಸಿದ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ರ್ಯಾಕ್, ಅಂದರೆ ಬಾಲ್ ಜೋಡಿಸೋ ರೀತಿಯ, ಹುಚ್ಚೂ ಹಿಡಿಯಿತು. ಪಾರ್ಲರಿನ ಮರದ ತ್ರಿಕೋನದಲ್ಲಿ ವಿಂಗ್ ಬಾಲ್ (ಜೋಡಣೆಯ ಪಕ್ಕದ ತುದಿಯ ಬಾಲ್) 20ಕ್ಕೆ ಆರೋ ಏಳೋ ಸಲ ಬೀಳುತ್ತಿತ್ತು. ಬಾಲುಗಳನ್ನು ಬಿಗಿಯಾಗಿ ಕೂರಿಸುವ ತೆಳು ಮ್ಯಾಜಿಕ್ ರ್ಯಾಕ್ ಹಾಳೆ ಹಾಕಿ, 1ನ್ನು ಸ್ಪಾಟ್ (ಟೇಬಲ್ ಮೇಲಿನ ಗುರುತು) ಮೇಲಿಟ್ಟರೆ 13–14. ಅದೇ ಹಾಳೆಯನ್ನು ಮುಂದೆ ಸರಿಸಿ ಜೋಡಣೆಯ ನಡುವಿನ 9ನ್ನು ಸ್ಪಾಟ್ ಮೇಲಿಟ್ಟೆ, ವಿಂಗ್ ಬಾಲ್ ಬೀಳೋದೇ ನಿಂತಿತು. ಕೆಲವು ದೊಡ್ಡ ಟೂರ್ನಮೆಂಟುಗಳಲ್ಲಿ 9ನ್ನು ಅಲ್ಲಿಡೋದು ಯಾಕೆ ಅಂತ ಅವತ್ತು ಕಣ್ಣಾರೆ ಕಂಡೆ. ಆ ಹಾಳೆಯ ಲೆಕ್ಕವನ್ನು ಬೇರೆ ಪುಟದಲ್ಲಿಟ್ಟೆ, ಇಲ್ಲದಿದ್ದರೆ ನಾನು ಸುಧಾರಿಸಿದೆನೋ ರ್ಯಾಕ್ ಸುಧಾರಿಸಿತೋ ಗೊತ್ತಾಗಲ್ಲ, ಅಲ್ವಾ?

ಈಗ ಅದೇ ಮರದ ತ್ರಿಕೋನದಲ್ಲಿ 20ಕ್ಕೆ 14–15 ಸಲ ಒಂದಾದರೂ ಬೀಳುತ್ತದೆ. ಸ್ಕ್ರ್ಯಾಚ್ ಒಂದಾದರೆ ಹೆಚ್ಚು. ವೇಗ ಮತ್ತೆ 35–36 ಫ್ರೇಮಿಗೆ ಇಳಿದಿದೆ, ಹೊಡೆಯೋದು ಹಳೇ ಕ್ಯೂನಲ್ಲೇ. ಕೊನೇ ಪುಟಗಳ ಚುಕ್ಕೆಗಳನ್ನೆಲ್ಲ ಒಂದು ಅಂಗೈಯಲ್ಲಿ ಮುಚ್ಚಬಹುದು.

ಹೋದ ವಾರ 8-ಬಾಲ್‌ಗೆ ಇನ್ನೊಂದು ನೋಟ್‌ಬುಕ್ ಶುರು ಮಾಡಿದೆ. ಮೊದಲ ಪುಟದಲ್ಲಿ 20 ಬ್ರೇಕಿಗೆ 9 ಸಲ ಬಾಲ್ ಬಿದ್ದಿದೆ.